ಫ್ಲೆಕ್ಸಿನ ಮೇಲಿನ ಜನರಲ್

ಫ್ಲೆಕ್ಸಿನಲ್ಲಿದ್ದ ಕೈಯ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಕುರ್ಚಿಯ ಬೆನ್ನಿನ ಮೇಲೆ ಇಟ್ಟ ಬಲಗೈ. ಅಷ್ಟು ದೊಡ್ಡದಾಗಿ ಮುದ್ರಿಸಿದ್ದರಿಂದ ಸೀಳು ರಸ್ತೆಯ ಆಚೆಯಿಂದಲೂ ಕಾಣುತ್ತಿತ್ತು. ನನ್ನ ಉಗುರಿಗೆ ಅಂಥ ಗುರುತಿಲ್ಲ. ಆದರೆ ಆ ಸಮವಸ್ತ್ರದ ಕಾಲರಿನ ಮೇಲಿದ್ದ ಮುಖ ನನ್ನದು.

ಹುತ್ತೂರಿನ ಬಸ್ ನಿಲ್ದಾಣದ ಎದುರು ಅದನ್ನು ಮಾಡಿಸಿ ಕಟ್ಟಿದ್ದು ನನ್ನ ಚಿಕ್ಕಪ್ಪ. ನಾನು ಕೋಲಾರದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ನಾರ್ವೆ ದೇಶದ ಸೇನೆಯ ಅತ್ಯುನ್ನತ ಪದವಿಯ ಬಗ್ಗೆ ಬರೆದ ಪ್ರಬಂಧವೊಂದನ್ನು ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಓದಿದ್ದೆ. ಅಲ್ಲಿ ಜನರಲ್ ಎಂಬ ಪದವಿ ಸಾಮಾನ್ಯವಾಗಿ ಇಡೀ ರಕ್ಷಣಾ ಪಡೆಯ ಮುಖ್ಯಸ್ಥರಿಗೆ ಮಾತ್ರ ಸಿಗುತ್ತದೆ. ಅವರು ನೌಕಾಪಡೆಯವರಾದರೆ ಅಡ್ಮಿರಲ್ ಆಗುತ್ತಾರೆ. ದೇಶದ ರಾಜನಿಗೂ ಅದೇ ಪದವಿ ಇದೆ. ಒಬ್ಬರು ಜೀವಮಾನವೆಲ್ಲ ದುಡಿದು ತೊಡುವ ಸಮವಸ್ತ್ರವನ್ನು ಇನ್ನೊಬ್ಬರು ಸಿಂಹಾಸನದ ಜೊತೆಗೇ ಪಡೆಯುತ್ತಾರೆ. ಹಾಗಾದರೆ ಆ ಬಟ್ಟೆಯ ಮೇಲೆ ಹಕ್ಕು ಯಾರಿಗೆ, ಯಾವ ಆಧಾರದ ಮೇಲೆ ಎಂಬುದು ನನ್ನ ಪ್ರಬಂಧದ ಪ್ರಶ್ನೆ.

ಮನೆಯಲ್ಲಿ ಇದನ್ನು ಹೇಳಬಾರದಿತ್ತು. ಚಿಕ್ಕಪ್ಪ ಹೇಳದೆ ಕೇಳದೆ ಕೋಲಾರದ ಫ್ಲೆಕ್ಸ್ ಅಂಗಡಿಗೆ ಹೋಗಿ, ನನ್ನ ಫೋಟೋ ಕೊಟ್ಟು, "ಜನರಲ್ ಥರ ಮಾಡ್ಕೊಡಿ" ಎಂದಿದ್ದರು. ಅಂಗಡಿಯವರು ಯಾವುದೋ ಸಮವಸ್ತ್ರಕ್ಕೆ ನನ್ನ ತಲೆ ಅಂಟಿಸಿ, ಭುಜದ ಮೇಲೆ ನಾಲ್ಕು ನಕ್ಷತ್ರ ಇಟ್ಟಿದ್ದರು. ಕೆಳಗೆ 'ನಮ್ಮೂರ ಹೆಮ್ಮೆಯ ಪುತ್ರಿಗೆ ಹಾರ್ದಿಕ ಅಭಿನಂದನೆಗಳು' ಎಂದೂ, 'ಶುಭ ಕೋರುವವರು' ಎಂಬಲ್ಲಿ ಕೂಲಿಂಗ್ ಗ್ಲಾಸ್ ಹಾಕಿಕೊಂಡ ಚಿಕ್ಕಪ್ಪನ ಪುಟ್ಟ ಚಿತ್ರವೂ ಇತ್ತು.

ನಾನು ಬಸ್ಸಿನಿಂದ ಇಳಿದಾಗ ಅವರು ಟೀ ಅಂಗಡಿಯ ಮುಂದೆ ಗೆಳೆಯನೊಬ್ಬನ ಜೊತೆ ನಿಂತಿದ್ದರು.

"ಏನ್ಲಾ, ನಿಮ್ ಹುಡ್ಗಿ ಮಿಲ್ಟ್ರಿಗೆ ಸೇರ್ಬಿಟ್ಳಾ?" ಗೆಳೆಯ ಕೆಣಕಿದ.

"ಸೇರೋದೇನ್ ಬಂತು? ಮಿಲ್ಟ್ರಿಯೋರ್ಗೇ ಪಾಠ ಹೇಳೋಳು ಕಣೋ ಅವ್ಳು!"

"ಹಂಗಾದ್ರೆ ನಿನ್ಗೆ ದಿನಾ ಪೆರೇಡು ಬಿಡು."

ಇಬ್ಬರೂ ನಕ್ಕರು. ನಾನು ತಲೆ ತಗ್ಗಿಸಿ ಮನೆಗೆ ನಡೆದೆ. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಅದೇ ರಸ್ತೆಯಲ್ಲಿ ಓಡಾಡುತ್ತಾರೆ. ಅವರು ಇದರ ಫೋಟೋ ತೆಗೆದು ಕಳಿಸಿಕೊಳ್ಳುತ್ತಾರೆ ಎಂಬುದಷ್ಟೇ ನನ್ನ ಚಿಂತೆಯಾಗಿತ್ತು. ಚಿಕ್ಕಪ್ಪನ ಸಂತೋಷದ ಬಗ್ಗೆಯೂ ನನಗೆ ನಾಚಿಕೆಯಾಗಿತ್ತು, ಅದನ್ನು ಇಲ್ಲಿ ಬಿಟ್ಟುಬಿಡುವುದು ಸರಿಯಲ್ಲ.

ಮರುದಿನ ಸಂಜೆ ಕಾಲೇಜಿನಿಂದ ಬಂದು ಇಳಿದಾಗ ಫ್ಲೆಕ್ಸಿನ ಕೆಳಗೆ ಒಬ್ಬ ಹೆಂಗಸು ನಿಂತಿದ್ದರು. ನಮ್ಮ ಹಿಂದಿನ ಬೀದಿಯವರು; ಸಂಬಂಧವಿಲ್ಲದಿದ್ದರೂ ಅತ್ತೆ ಎಂದೇ ಕರೆಯುತ್ತೇನೆ. ಅವರ ಮಗ ಸೇನೆಯಲ್ಲಿ ಸಿಪಾಯಿಯಾಗಿದ್ದ. ಕೆಲಸದ ಮೇಲಿದ್ದಾಗಲೇ ತೀರಿಕೊಂಡ. ಆಗ ಊರೆಲ್ಲ ಸೇರಿ ಇದೇ ಜಾಗದಲ್ಲಿ ಅವನ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿತ್ತು.

"ಏಮ್ಮಾ, ಈಗ್ ಬಂದ್ಯಾ?" ಎಂದರು. ಆಮೇಲೆ ಮೇಲೆ ನೋಡುತ್ತ, "ಆ ಕೈ ನಮ್ ಹುಡ್ಗಂದು" ಎಂದರು.

"ಯಾವ ಕೈ ಅತ್ತೆ?" ಎಂದೆ.

"ಆ ಉಗ್ರು ನೋಡು. ಸಣ್ಣೋನಿದ್ದಾಗ ರೇಷ್ಮೆ ಹುಳಕ್ಕೆ ಸೊಪ್ಪು ಹೆಚ್ಚೋಕ್ ಹೋಗಿ ಕುಡುಗೋಲು ತಾಗಿಸ್ಕೊಂಡಿದ್ದ. ಆ ಸೀಳು ಆಮೇಲೆ ಕೂಡ್ಕೊಳ್ಳಲೇ ಇಲ್ಲ. ರಜಕ್ಕೆ ಬಂದಾಗ ಕೋಲಾರದಾಗೆ ತೆಗೆಸಿದ್ ಫೋಟೋ ಅದು, ಕುರ್ಚಿ ಹಿಡ್ಕೊಂಡಿರೋದು. ಅವ್ನ್ ಫ್ಲೆಕ್ಸಿಗೂ ಅದ್ನೇ ಕೊಟ್ಟಿದ್ವಿ."

ಎರಡೂ ಫ್ಲೆಕ್ಸ್ ಮಾಡಿದ್ದು ಒಂದೇ ಅಂಗಡಿ. ಅವರ ಕಂಪ್ಯೂಟರಿನಲ್ಲಿ ಸಮವಸ್ತ್ರದ ಒಂದು ಚಿತ್ರ ಉಳಿದಿತ್ತು. ಅದರಿಂದ ಅವನ ಮುಖ ತೆಗೆದು ನನ್ನದು ಇಟ್ಟಿದ್ದರು.

ನನ್ನ ಬಾಯಿಂದ ಮೊದಲು ಬಂದ ಮಾತು, "ಅಂಗಡಿಯವ್ರು ಮಾಡಿದ್ದು ಅತ್ತೆ, ನಂಗೆ ಗೊತ್ತೇ ಇರ್ಲಿಲ್ಲ" ಎಂಬುದು. ನಿಜವೇ. ಆದರೂ ಅವರ ಮಗನ ವಿಷಯಕ್ಕಿಂತ ಮೊದಲು ನನ್ನ ವಿಷಯ ಹೇಳಿಕೊಂಡೆ. ಆ ಮಾತು ಈಗಲೂ ಕಿವಿಯಲ್ಲಿದೆ.

ಅವರು ಅದನ್ನು ಗಮನಿಸಿದಂತೆ ಕಾಣಲಿಲ್ಲ. "ಭುಜದ ಮ್ಯಾಲೆ ಸ್ಟಾರು ಇಟ್ಟವ್ರೆ. ಅವ್ನಿಗೆ ಇರ್ಲಿಲ್ಲ. ದೊಡ್ಡದಾ ಅದು?"

"ಹೂಂ ಅತ್ತೆ. ನಾನ್ ಬರ್ದಿರೋ ನಾರ್ವೆ ದೇಶದಲ್ಲಿ ಅದಕ್ಕಿಂತ ದೊಡ್ಡದಿಲ್ಲ."

"ಎಷ್ಟು ಜನಕ್ಕೆ ಕೊಡ್ತಾರೆ?"

"ರಾಜನ್ನ ಬಿಟ್ರೆ ಒಬ್ರಿಗೆ."

"ಒಬ್ರಿಗೇನಾ?" ಎಂದರು. ವಿಚಾರ ಸಂಕಿರಣದಲ್ಲಿ ಯಾರೂ ನನ್ನನ್ನು ಇಷ್ಟು ಆಸಕ್ತಿಯಿಂದ ಪ್ರಶ್ನೆ ಕೇಳಿರಲಿಲ್ಲ. ಆ ಬಟ್ಟೆಯ ಮೇಲೆ ಹಕ್ಕು ಯಾರಿಗೆ ಎಂದು ಪುಟಗಟ್ಟಲೆ ಬರೆದವಳು, ಅದನ್ನು ತೊಟ್ಟಿದ್ದವನ ತಾಯಿಯ ಮುಂದೆ, ಅವನ ಭುಜದ ಮೇಲೆ ನನ್ನ ತಲೆ ಇಟ್ಟುಕೊಂಡು ನಿಂತಿದ್ದೆ.

"ನಾಳೆ ಬೆಳಿಗ್ಗೇನೇ ತೆಗೆಸ್ತೀನಿ ಅತ್ತೆ."

"ತೆಗೀರಿ, ಬ್ಯಾಡ ಅನ್ನಲ್ಲ. ಆದ್ರೆ ಎಲ್ಲೆಲ್ಲೋ ಬಿಸಾಕ್ಬ್ಯಾಡಿ ಕಣಮ್ಮ. ಹೋದ್ ಸಲದ್ದು ಗಾಳಿಗೆ ಬಿತ್ತು. ನಾನ್ ಬರೋ ಹೊತ್ಗೆ ಯಾರೋ ಒಯ್ದು ಬಚ್ಚಲಿಗೆ ಮರೆ ಕಟ್ಕೊಂಡಿದ್ರು. ಕೇಳೋಕೆ ಬಾಯೇ ಬರ್ಲಿಲ್ಲ."

ನಮ್ಮ ಕಡೆ ಫ್ಲೆಕ್ಸಿನ ಎರಡನೆಯ ಬದುಕು ಅದೇ. ಟೊಮೆಟೊ ಕ್ರೇಟಿನ ಮೇಲೆ, ಸೌದೆಯ ಮೇಲೆ, ಬಚ್ಚಲಿನ ಸುತ್ತ. ಚಿಕ್ಕಪ್ಪನೂ ಇದನ್ನು ಹುಳುಮನೆಯ ಸೂರಿಗೆ ಹೊದಿಸಲು ಆಗಲೇ ಲೆಕ್ಕ ಹಾಕಿಕೊಂಡಿದ್ದರು.

ಊಟಕ್ಕೆ ಕೂತಾಗ ಅವರಿಗೆ ಹೇಳಿದೆ. "ಏನೇನೋ ಹೇಳ್ಬ್ಯಾಡ" ಎಂದು ಮೊದಲು ಗದರಿದರು. ಮೊಬೈಲು ತೆಗೆದು ಫ್ಲೆಕ್ಸಿನ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದರು. ಉಗುರಿನ ಬಳಿ ಬೆರಳು ನಿಂತಿತು.

"ಆವತ್ತು ಏಣಿ ಹತ್ತಿ ಅವ್ನ್ ಫ್ಲೆಕ್ಸ್ ಕಟ್ಟಿದ್ದೂ ನಾನೇ ಕಣಮ್ಮ" ಎಂದರು. "ನಾನೇ."

ಮುದ್ದೆ ತಟ್ಟೆಯಲ್ಲೇ ಉಳಿಯಿತು. ಅವರನ್ನು ಕಂಡು ನಾಚಿದ್ದಕ್ಕೆ ನನಗೆ ಆಗ ಮತ್ತೊಂದು ನಾಚಿಕೆ. ಅವರು ತಪ್ಪು ಮಾಡಿದ್ದು ಪ್ರೀತಿಯಿಂದ, ಆ ಕೈ ಯಾರದೆಂದು ನೋಡದೆ ಹೋದದ್ದು ನಾವಿಬ್ಬರೂ. ಅವರು ಎರಡು ಸಲವೂ ಆ ಕೈಯ ಪಕ್ಕದಲ್ಲೇ ಹಗ್ಗ ಬಿಗಿದಿದ್ದರು. ನಾನು ನನ್ನ ಮುಖವೊಂದನ್ನೇ ನೋಡಿಕೊಂಡಿದ್ದೆ.

ಮರುದಿನ ಬೆಳಿಗ್ಗೆ ಚಿಕ್ಕಪ್ಪ ಏಣಿ ಹಿಡಿದರು, ನಾನು ಹತ್ತಿ ಹಗ್ಗ ಬಿಚ್ಚಿದೆ. ಟೀ ಅಂಗಡಿಯವನು ಏನೋ ಕೇಳಬೇಕೆಂದು ಬಾಯಿ ತೆರೆದು, ಚಿಕ್ಕಪ್ಪನ ಮುಖ ನೋಡಿ ಲೋಟ ತೊಳೆಯತೊಡಗಿದ. ಆ ಕೈಯ ಮೇಲೆ ಮಡಿಕೆ ಬೀಳದ ಹಾಗೆ ಫ್ಲೆಕ್ಸನ್ನು ಸುರುಳಿ ಸುತ್ತಿ, ಹಿಂದಿನ ಬೀದಿಗೆ ಹೋಗಿ ಅತ್ತೆಯ ಕೈಗೆ ಕೊಟ್ಟೆ. ಅಲ್ಲಿಂದ ನೇರ ಬಸ್ಸು ಹತ್ತಿದೆ. ಅಂಗಡಿಯ ಕಂಪ್ಯೂಟರಿನಲ್ಲಿದ್ದ ಆ ಚಿತ್ರಕ್ಕೆ ಅವನ ಮುಖವನ್ನು ಮರಳಿ ಇಡಿಸಿ, ನಕ್ಷತ್ರ ತೆಗೆಸಿ, ಗೋಡೆಗೆ ಹಾಕುವಂಥ ಒಂದು ಫೋಟೋ ಮಾಡಿಸಬೇಕಿತ್ತು. ಕೋಲಾರದಲ್ಲಿ ಇಳಿದಾಗ ಅಂಗಡಿಯ ಷಟರ್ ಇನ್ನೂ ಎತ್ತಿರಲಿಲ್ಲ. ಕಾಲೇಜಿಗೆ ಫೋನು ಮಾಡಿ ಮೊದಲ ತರಗತಿಗೆ ಬರುವುದಿಲ್ಲ ಎಂದು ತಿಳಿಸಿ, ಮೆಟ್ಟಿಲ ಮೇಲೆ ಕೂತೆ.