ಅವ್ವ ಬೆಲ್ಲದ ಕಾಫಿ ಬಿಟ್ಟದ್ದು

ಅವ್ವ ಬೆಲ್ಲದ ಕಾಫಿ ಬಿಟ್ಟದ್ದು ನನ್ನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬೇರೆಯವರನ್ನು ಚೆನ್ನಾಗಿ ಬೈಯಲಿದ್ದೇನೆ.

ನನ್ನ ಕೆಲಸ ಮೈಸೂರಿನ ಒಂದು ಲ್ಯಾಬಿನಲ್ಲಿ. ಉರಿಮೂತ್ರ ತರುವ ಬ್ಯಾಕ್ಟೀರಿಯಾದ ಮೈಮೇಲೆ ಕೂದಲಿನಂಥ ಎಳೆಗಳಿರುತ್ತವೆ. ಎಳೆಯ ತುದಿಯಲ್ಲಿ ಒಂದು ಪ್ರೋಟೀನು, ಅದರಲ್ಲೊಂದು ಸಣ್ಣ ಗುಳಿ. ನಮ್ಮ ಮೂತ್ರಕೋಶದ ಒಳಗೋಡೆಯ ಮೇಲೆ ಒಂದು ಬಗೆಯ ಸಕ್ಕರೆ ಇರುತ್ತದೆ. ಅದು ಆ ಗುಳಿಯಲ್ಲಿ ಕೂತಿತೆಂದರೆ ಬ್ಯಾಕ್ಟೀರಿಯಾ ಅಲ್ಲೇ ಅಂಟಿಕೊಂಡಂತೆ. ಆ ಪ್ರೋಟೀನನ್ನು ಕಲ್ಲುಸಕ್ಕರೆಯ ಹಾಗೆ ಹರಳುಗಟ್ಟಿಸಿ, ಎಕ್ಸ್‌ರೇ ಹಾಯಿಸಿ, ಯಾವ ಪರಮಾಣು ಎಲ್ಲಿದೆ ಎಂದು ಗುರುತಿಸುವುದು ನಮ್ಮ ಕಸುಬು. ಒಂದು ಒಳ್ಳೆಯ ಹರಳಿಗಾಗಿ ನಾನು ಮೂರು ವರ್ಷ ಕಾದಿದ್ದೇನೆ.

ಅವ್ವ ಸುಂಟಿಕೊಪ್ಪದ ಹತ್ತಿರದ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುವವಳು. ಮಗಳಾದ ನಾನು ಬೆಳೆದದ್ದು ಅಲ್ಲಿನ ಲೈನ್ ಮನೆಯಲ್ಲೇ, ಕೂಲಿಯವರ ಸಾಲುಮನೆಯಲ್ಲಿ. ಹುತ್ತರಿ ಹಬ್ಬಕ್ಕೆ ಊರಿಗೆ ಹೋದಾಗ, ಹರಳು ಸಿಕ್ಕ ಖುಷಿಯಲ್ಲಿ, ಫೋನಿನಲ್ಲಿ ಚಿತ್ರ ತೋರಿಸಿ ಜಂಬ ಕೊಚ್ಚಿದೆ.

"ನೋಡವ್ವ, ಉರಿಮೂತ್ರದ ಹುಳ ಸಕ್ಕರೆ ಹಿಡ್ಕಂಡೇ ಒಳಗೆ ಕೂರದು. ಸಕ್ಕರೆ ಇಲ್ದಿದ್ರೆ ಅದಕ್ಕೆ ಹಿಡ್ಕಳಕೆ ಏನೂ ಇಲ್ಲ."

ಅವ್ವ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ಎರಡು ವರ್ಷದಿಂದ ಉರಿಮೂತ್ರ ಬಂದು ಹೋಗುತ್ತಿತ್ತು. ನನಗದು ಗೊತ್ತಾದದ್ದು ಆಮೇಲೆ; ಅವಳು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಕಾಫಿ ಕೊಯ್ಲು ಜೋರಾಗಿದ್ದಾಗ ಪಕ್ಕದ ಮನೆಯ ಚಿಕ್ಕಮ್ಮ ಫೋನ್ ಮಾಡಿದಳು. ಅವ್ವನಿಗೆ ಚಳಿಜ್ವರ, ಸೊಂಟನೋವು, ಮಡಿಕೇರಿಯಲ್ಲಿ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದಳು. ನಾನು ಹೋಗುವಷ್ಟರಲ್ಲಿ ಸೋಂಕು ಕಿಡ್ನಿಗೆ ಏರಿತ್ತು. ಇನ್ನೊಮ್ಮೆ ಹೀಗಾದರೆ ಆ ಕಿಡ್ನಿಯನ್ನು ನಂಬುವಂತಿಲ್ಲ ಎಂದ ಡಾಕ್ಟರು, ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ ಎಂದು ಅವ್ವನನ್ನು ಕೇಳಿದರು. ಚಿಕ್ಕಮ್ಮನೇ ಉತ್ತರ ಕೊಟ್ಟಳು.

"ಕುಯ್ಲಿಗೆ ಹೋಗೋರು ನೀರು ಕುಡಿಯಕಿಲ್ಲ ಸಾರ್. ಬೆಳಿಗ್ಗೆ ಒಂದು ಲೋಟ ಬೆಲ್ಲದ ಕಾಫಿ, ಮಧ್ಯಾಹ್ನ ಒಂದು. ಇವ್ಳು ಅದ್ನೂ ಬಿಟ್ಬುಟ್ಳು."

ಯಾಕೆ ಬಿಟ್ಟೆ ಎಂದು ರೇಗಿದೆ.

"ನೀನೇ ಹೇಳ್ದೆ ಅಲ್ವಾ ಮಗಾ, ಸಕ್ಕರೆ ಇದ್ರೆ ಹುಳ ಹಿಡ್ಕತ್ತದೆ ಅಂತ. ಬೆಲ್ಲನೂ ಸಕ್ಕರೆನೇ ತಾನೆ. ಬೆಲ್ಲ ಹಾಕ್ದೆ ನಂಗೆ ಕಾಫಿ ಇಳಿಯಕಿಲ್ಲ."

ಮೈಯೆಲ್ಲ ಉರಿದುಹೋಯಿತು. ಒಳಗೋಡೆಯ ಆ ಸಕ್ಕರೆಯನ್ನು ಮೈಯೇ ಮಾಡಿಕೊಳ್ಳುತ್ತದೆ, ಕುಡಿಯುವ ಬೆಲ್ಲಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಹುತ್ತರಿಯ ದಿನ ಇದೊಂದು ಮಾತು ಹೇಳಲು ನನ್ನ ನಾಲಿಗೆಗೆ ಏನಾಗಿತ್ತು?

ನೀರು ಯಾಕೆ ಕುಡಿಯುವುದಿಲ್ಲ ಎಂದು ಮಾತ್ರ ನಾನು ಕೇಳಬೇಕಾಗಿರಲಿಲ್ಲ. ಹೈಸ್ಕೂಲಿನ ದಿನಗಳಲ್ಲಿ ರಜೆ ಬಂದರೆ ನಾನೂ ಸೊಂಟಕ್ಕೆ ಚೀಲ ಕಟ್ಟಿದವಳೇ. ತೋಟದಲ್ಲಿ ಹೆಂಗಸರಿಗೆ ಒಂದಕ್ಕೆ ಹೋಗಲು ಜಾಗವಿಲ್ಲ. ದೂರ ಹೋದರೆ ಆನೆ, ಹತ್ತಿರ ಕೂತರೆ ಗಂಡಸರು. ಹಣ್ಣು ಕೊಯ್ಯುವುದನ್ನು ಕಲಿಸುವಾಗಲೇ ಬಾಯಿ ಒಣಗಿಸಿಕೊಂಡಿರುವುದನ್ನೂ ನಮಗೆ ಕಲಿಸುತ್ತಾರೆ. ಎರಡು ಲೋಟ ಕಾಫಿಯಾದರೆ ಹೇಗೋ ಸಂಜೆಯವರೆಗೆ ತಡೆದುಕೊಳ್ಳಬಹುದು.

ಮರುದಿನ ಎಸ್ಟೇಟಿನ ರೈಟರ್ ಹತ್ತಿರ ಹೋದೆ. ಹಾಜರಿ ಬರೆದು ಕೆಲಸ ಹಂಚುವ ಮನುಷ್ಯ. ಲೈನಿನಲ್ಲಿ ಕಕ್ಕಸು ಇದೆಯಲ್ಲ ಎಂದ. ಲೈನು ಇರುವುದು ತೋಟದ ಇನ್ನೊಂದು ತುದಿಯಲ್ಲಿ. ಗೇಟಿನ ಪಕ್ಕ ತೋಟ ನೋಡಲು ಬರುವ ಟೂರಿಸ್ಟರಿಗೆಂದು ಟೈಲ್ಸ್ ಹಾಕಿದ ಎರಡು ಕಕ್ಕಸು ಕಟ್ಟಿಸಿ ಬೀಗ ಜಡಿದಿದ್ದಾರೆ. ಅದನ್ನು ತೋರಿಸಿ, ಇಂಥದ್ದೊಂದು ಕೊಯ್ಲಿನವರಿಗೆ ಯಾಕಿಲ್ಲ ಎಂದೆ.

"ಇಷ್ಟು ವರ್ಷ ಯಾರೂ ಕೇಳಿಲ್ವಲ್ಲ ಮೇಡಂ," ಎಂದ, ತಣ್ಣಗೆ.

ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಬಾಯಿಗೆ ಬಂದಂತೆ ಬೈದೆ. ಮಾಲೀಕರಿಗೆ ಹೇಳಿ ನೋಡುತ್ತೇನೆ ಎಂದು ಅವನು ಪುಸ್ತಕ ಮಡಚಿದ. ಮಡಿಕೇರಿಯ ಬಸ್ಸು ಹತ್ತಿದ ಮೇಲೂ ಅವನ ಮಾತು ಚುಚ್ಚುತ್ತಲೇ ಇತ್ತು. ಕೇಳದವರಲ್ಲಿ ನಾನೂ ಒಬ್ಬಳಲ್ಲವೇ? ನನ್ನ ಹರಳಿನ ಚಿತ್ರದಲ್ಲಿ ಪ್ರೋಟೀನಿಗೆ ಅಂಟಿಕೊಂಡ ಒಂದೊಂದು ನೀರಿನ ಅಣುವಿಗೂ ಜಾಗ ಗುರುತಿಸಿದ್ದೇನೆ. ಗುಳಿಯ ಅಂಚಿನಲ್ಲಿ ಒಂದು ಅಣು ಇದೆಯೋ ಇಲ್ಲವೋ ಎಂದು ಲ್ಯಾಬಿನಲ್ಲಿ ವಾರಗಟ್ಟಲೆ ಜಗಳವಾಡಿದ್ದೇನೆ. ದೀಪದ ಬುಡದಲ್ಲೇ ಕತ್ತಲು ಅಂತಾರಲ್ಲ, ಅದು ನನ್ನಂಥವರನ್ನು ನೋಡಿಯೇ ಹೇಳಿದ್ದಿರಬೇಕು.

ಆಸ್ಪತ್ರೆಯಿಂದ ಬಿಡುವ ದಿನ ಚಿಕ್ಕಮ್ಮ ಫ್ಲಾಸ್ಕಿನಲ್ಲಿ ಬೆಲ್ಲದ ಕಾಫಿ ತಂದಳು. ಅವ್ವ ಲೋಟ ಹಿಡಿದು ನನ್ನ ಮುಖ ನೋಡಿದಳು. "ಇದ್ನ ಕುಡಿಬೋದಾ ಮಗಾ?"

ಕುಡಿಯವ್ವ, ಎಷ್ಟು ಬೇಕೋ ಅಷ್ಟು ಕುಡಿ ಎಂದೆ. ಅವಳು ಆಸೆಯಿಂದ ಊದಿ ಊದಿ ಕುಡಿದಳು. ಅರ್ಧಕ್ಕೆ ಬಂದಾಗ ಲೋಟವನ್ನು ಕೆಳಗಿಟ್ಟಳು.

ಪೂರ್ತಿ ಕುಡಿ ಎಂದೆ.

"ಸಾಕು. ವಾರ ಬಿಟ್ಟು ತೋಟಕ್ಕೆ ಹೋಗ್ಬೇಕಲ್ಲ," ಎಂದಳು ಅವ್ವ. "ಈಗ್ಲೇ ಅಭ್ಯಾಸ ತಪ್ಪುಸ್ಕಂಡ್ರೆ ಅಲ್ಲಿ ತಡ್ಕಳಕಾಗಕಿಲ್ಲ."