ಬಿತ್ತನೆ ಬೀಜ ಮುಟ್ಟಿದ ಕೆಂಪು ಅಂಗೈ

ನಾನು ನಿಂತಿದ್ದದ್ದು ಧರ್ಮಪುರದ ನಮ್ಮ ಮನೆಯ ಪಡಸಾಲೆಯಲ್ಲಿ, ಕಂಬದ ಎಡಕ್ಕೆ. ಎಪ್ಪತ್ತರ ದಶಕದ ನಡುವಿನ ಒಂದು ವರ್ಷ, ಮುಂಗಾರು ಬಿತ್ತನೆಯ ಬೆಳಗು. ಅಣ್ಣನ ಹೊಸ ಹೆಂಡತಿ ಶೇಂಗಾ ಬೀಜದ ಪುಟ್ಟಿಗೆ ಎರಡೂ ಕೈ ಹಾಕಿ ಮೇಲೆತ್ತಿದರು. ಅಂಗೈಗಳು ಕುಂಕುಮ ಕಲಸಿದವರ ಕೈಯ ಹಾಗೆ ಕೆಂಪಗಿದ್ದವು. ಹೆಬ್ಬೆರಳಿನ ಬುಡದಲ್ಲಿ ಇನ್ನೂ ಗಾಢ, ನಡುವೆ ಮಾತ್ರ ಸ್ವಲ್ಪ ತಿಳಿ.

"ನೋಡ್ರಿ, ಲಕ್ಷ್ಮಿ ಅಂಗೈಯಾಗೇ ಕುಂತವ್ಳೆ," ಅಂದಳು ಅವ್ವ. ಹೆಣ್ಣು ನೋಡಲು ಹೋದಾಗ ಅವಳು ಒಪ್ಪಿದ್ದೇ ಆ ಕೈಗಳನ್ನು.

ನಮ್ಮಲ್ಲಿ ಮೊದಲ ಬೀಜವನ್ನು ಕೈಗುಣ ಇರುವವರಿಂದ ಮುಟ್ಟಿಸುತ್ತಿದ್ದರು. ಆ ವರ್ಷ ಬೆಳೆ ಚೆನ್ನಾಗಿ ಬಂತು. ಮರುವರ್ಷ ಎದುರುಮನೆ ಅಕ್ಕ ತಮ್ಮ ಪುಟ್ಟಿ ಹೊತ್ತು ತಂದರು, ಅವರ ಹಿಂದೆ ಇಡೀ ಬೀದಿ. ಅತ್ತಿಗೆಗೂ ನನಗೂ ಹೆಚ್ಚುಕಡಿಮೆ ಒಂದೇ ವಯಸ್ಸು, ಇಪ್ಪತ್ತು ದಾಟಿತ್ತಷ್ಟೆ. ಸದಾ ತಲೆ ತಗ್ಗಿಸಿ ಓಡಾಡುತ್ತಿದ್ದವರು, ಬೀಜಕ್ಕೆ ಕೈ ಚಾಚುವಾಗ ಮಾತ್ರ ಮುಖ ಎತ್ತಿ ನಿಲ್ಲುತ್ತಿದ್ದರು.

ಶೇಂಗಾ ಸುಲಿಯುವ ಧೂಳಿಗೆ ಅವರ ಗಂಟಲಲ್ಲಿ ಕಫ ಕಟ್ಟಿತು. ಜ್ವರವಿಲ್ಲ, ದೊಡ್ಡ ಕೆಮ್ಮಿಲ್ಲ. ಏನೋ ಅಂಟಿಕೊಂಡಂತೆ ಯಾವಾಗಲೂ ಕ್ಯಾಕರಿಸುವುದು. "ಮೊದ್ಲು ನನ್ ಗಂಟ್ಲು ಬರ್ತೈತೆ, ಆಮೇಲೆ ನಾನು ಬರ್ತೀನಿ ಮೈದ್ನೋರೆ," ಎಂದು ನಗುತ್ತಿದ್ದರು. ಅವ್ವ ಮುಕ್ಕಳಿಸಲು ಉಪ್ಪುನೀರು ಕೊಟ್ಟಳು, ಮೆಣಸಿನ ಕಷಾಯ ಕುಡಿಸಿದಳು, ಸುಲಿಯುವಾಗ ಮೂಗಿಗೆ ಬಟ್ಟೆ ಕಟ್ಟಿದಳು. ಕಡಿಮೆಯಾಯಿತು, ಹೋಗಲಿಲ್ಲ. ಅಣ್ಣನಿಗೆ ಹೊಲ ಬಿಟ್ಟು ಬರಲಾಗದೆ, ಕೊನೆಗೆ ಅವ್ವನೂ ನಾನೂ ಅವರನ್ನು ಬಸ್ಸಿನಲ್ಲಿ ಹಿರಿಯೂರಿಗೆ ಕರೆದೊಯ್ದೆವು.

ಡಾಕ್ಟರು ಗಂಟಲು ನೋಡಿದರು. ನಾಡಿ ಹಿಡಿಯಲು ಕೈ ತಿರುಗಿಸಿದವರು ಅಂಗೈಯನ್ನು ಒತ್ತಿದರು. ಬೆಳ್ಳಗಾಯಿತು, ಬಿಟ್ಟೊಡನೆ ಕೆಂಪು ಮರಳಿ ಬಂತು. ಕಣ್ಣಿನ ರೆಪ್ಪೆ ಎಳೆದು ನೋಡಿದರು, ಹೊಟ್ಟೆ ಮುಟ್ಟಿ ನೋಡಿದರು.

"ಇದು ಯಾವಾಗಿಂದ?"

"ಹುಟ್ಟಿದಾಗಿಂದ್ಲೇ ಸ್ವಾಮಿ," ಅವ್ವನ ದನಿಯಲ್ಲಿ ಹೆಮ್ಮೆಯಿತ್ತು. "ಊರ ಬೀಜಕ್ಕೆಲ್ಲ ಇವ್ಳದೇ ಕೈ."

ಅತ್ತಿಗೆ ನೆಲ ನೋಡಿದರು. "ಹುಟ್ಟಿದಾಗ ಇರ್ಲಿಲ್ಲತ್ತೆ. ನೀವು ನೋಡಾಕ್ ಬರೋ ಹಿಂದಿನ್ ವರ್ಷ ಬಂತು. ಎಲ್ರೂ ಚೆಂದ ಅಂದ್ರು, ಸುಮ್ಮನಾದೆ."

"ಕೆಲವರಿಗೆ ಅಂಗೈ ಸುಮ್ಮನೆ ಕೆಂಪಗಿರುತ್ತಮ್ಮ," ಅಂದರು ಡಾಕ್ಟರು. "ಇವರದು ಹಾಗಲ್ಲ, ಲಿವರ್ ಕೆಟ್ಟಿದೆ. ಗಂಟಲಿಂದು ಧೂಳಿನ ಕಫ, ಅದೇ ಬೇರೆ. ಅದರ ನೆಪದಲ್ಲಾದರೂ ಬಂದಿರಿ. ಆದರೆ ತಡವಾಗಿದೆ."

ವಾಪಸು ಬರುವಾಗ ಅತ್ತಿಗೆಯ ಕೈಗಳು ಸೆರಗಿನೊಳಗಿದ್ದವು. ಗಂಟಲಿಗೆ ನಾವು ಕಷಾಯ ಕಾಸಿದ್ದೆವು. ಅಂಗೈಗೆ ಅರಿಶಿನ ಕುಂಕುಮ ಹಚ್ಚಿದ್ದೆವು.

ಚಿತ್ರದುರ್ಗದ ಆಸ್ಪತ್ರೆಗೂ ಹೋಗಿಬಂದದ್ದಾಯಿತು. ಮುಂದಿನ ಬಿತ್ತನೆ ಹೊತ್ತಿಗೆ ಅವರು ಹೊಟ್ಟೆ ಊದಿ ಪಡಸಾಲೆಯಲ್ಲಿ ಮಲಗಿದ್ದರು. ಪುಟ್ಟಿ ಹೊತ್ತು ಬಂದ ಎದುರುಮನೆ ಅಕ್ಕ ಹೊಸ್ತಿಲಲ್ಲೇ ನಿಂತರು.

"ಏನಕ್ಕ, ಕಾಯ್ಲೆ ಕೈ ಅಂತ ಬಿಟ್ಬಿಟ್ರಾ?" ಅತ್ತಿಗೆಯೇ ಕೈ ಚಾಚಿದರು.

ಅವ್ವ ಓಡಿಬಂದು ಆ ಎರಡೂ ಕೈಗಳನ್ನು ತನ್ನ ಕೈಗಳಲ್ಲಿ ಮುಚ್ಚಿಕೊಂಡಳು. "ಬ್ಯಾಡ ತಾಯಿ, ನಿನ್ ಕೈಗುಣ ನಿನಗೇ ಇಟ್ಕಾ."

"ಒಂದ್ ಸಲ ಬಿಡ್ರತ್ತೆ. ನನ್ನ ತಂದಿದ್ದೇ ಅದಕ್ಕಲ್ವಾ."

ಅವ್ವ ಬಿಟ್ಟಳು.

ಆ ಬೀಜ ಮೊಳೆಯುವ ಮೊದಲೇ ಅತ್ತಿಗೆ ತೀರಿಕೊಂಡರು. ಅರಿಶಿನ ಹಚ್ಚಲೆಂದು ಅವ್ವ ಬೆರಳು ಬಿಡಿಸಿದಾಗ ಅಂಗೈಯ ಕೆಂಪು ಹೋಗಿತ್ತು. ನಾನು ಅದೇ ಕಂಬದ ಎಡಕ್ಕೆ ನಿಂತಿದ್ದೆ. ಹತ್ತಿರ ಇದ್ದವರು ಅವ್ವ, ಎದುರುಮನೆ ಅಕ್ಕ, ನಾನು, ಮೂವರೇ. ಅವ್ವ ಈಗಿಲ್ಲ. ಅಕ್ಕ ಇದ್ದಾರೆ. ಕೇಳಿದರೆ ಅವರೂ ಇದನ್ನೇ ಹೇಳುತ್ತಾರೆ.