ಹುಗ್ಗಿ ಸೌಟು ಹಿಡಿದ ಉಪಾಧ್ಯಕ್ಷೆ

ಪಂಚಾಯತಿ ಕಚೇರಿಯ ಗೋಡೆಗೆ ಒಂದು ಕರಿ ಹಲಗೆ ಇದೆ. ಊರಿಗೆ ಅಧ್ಯಕ್ಷರಾದವರ ಹೆಸರೆಲ್ಲ ಅದರ ಮೇಲೆ ಬಿಳಿ ಅಕ್ಷರದಲ್ಲಿವೆ, ಇಂಥ ದಿನದಿಂದ ಇಂಥ ದಿನದವರೆಗೆ ಎಂದು. ಉಪಾಧ್ಯಕ್ಷರ ಹೆಸರು ಬರೆಯುವ ರೂಢಿಯಿಲ್ಲ. ಸುಮಿತ್ರಾಬಾಯಿ ಉಪಾಧ್ಯಕ್ಷೆಯಾಗಿ ಹದಿನೈದು ತಿಂಗಳು ಆ ಹಲಗೆಯ ಎದುರಿಗೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಳು. ಕಡೆಯ ಸಾಲಿನಲ್ಲಿ ರೇವಣಪ್ಪನ ಹೆಸರು. ಅದರ ಕೆಳಗೆ ಇನ್ನೊಂದೇ ಹೆಸರಿಗೆ ಜಾಗ.

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಗಂಡ ಹೋದ ಮೇಲೆ ಕಡಗಂಚಿಯ ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕಳಿಸುತ್ತ ಬದುಕಿದಳು. ಓಣಿಯ ಬೋರಿಗಾಗಿ ಆಳಂದಕ್ಕೆ ಆರು ಸಲ ಎಡತಾಕಿ ಬಂದಳೆಂದು ಓಣಿಯವರೇ ಅವಳನ್ನು ಚುನಾವಣೆಗೆ ನಿಲ್ಲಿಸಿದರು. ಗೆದ್ದ ಮೇಲೆ ಆಸೆ ಹತ್ತಿತು. ಕಾದ ಹಂಚಿನ ಮುಂದೆ ಕೈಕಟ್ಟಿ ಕೂಡುವ ಹೆಂಗಸು ಅವಳಲ್ಲ.

ಹದಿಮೂರು ಮೆಂಬರರ ಮುಂದೆ ಮಠದಲ್ಲಿ ಮಾತಾಗಿತ್ತು. ಮೊದಲ ಹದಿನೈದು ತಿಂಗಳು ರೇವಣಪ್ಪ, ಉಳಿದದ್ದು ಆಕೆ. ಇಷ್ಟಲಿಂಗ ಅಂಗೈಯಲ್ಲಿ ಹಿಡಿದು ಹೇಳಿದ್ದ ರೇವಣಪ್ಪ, ಹೇಳಿದ ದಿನಕ್ಕೆ ರಾಜೀನಾಮೆಯನ್ನೂ ಕೊಟ್ಟ. ಆದರೆ ಕೊಟ್ಟ ಕಾಗದವನ್ನು ಹತ್ತು ದಿನದೊಳಗೆ ಹಿಂದಕ್ಕೆ ಪಡೆಯಬಹುದೆಂದು ಕಾಯ್ದೆ. ಆ ದಿನಗಳಲ್ಲಿ ಸುಮಿತ್ರಾಬಾಯಿಯ ರೊಟ್ಟಿ ಸೀದವು. ಮೋಟರ್ ಸೈಕಲ್ಲಿನ ಸಪ್ಪಳ ಕೇಳಿದರೆ ಸಾಕು, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬರುತ್ತಿದ್ದಳು.

ಆರನೆಯ ದಿನ ರೇವಣಪ್ಪನ ಮಗಳು ಭಾಗ್ಯಜ್ಯೋತಿ ತನ್ನ ಲಗ್ನಪತ್ರಿಕೆ ಕೊಟ್ಟುಹೋದಳು. ಸುಮಿತ್ರಾಬಾಯಿ ಅಕ್ಷರದ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದಳು. ಲಗ್ನ ಇನ್ನೂ ಹದಿನೈದು ದಿನಕ್ಕಿತ್ತು. ತಂದೆಯ ಹೆಸರಿನ ಕೆಳಗೆ ‘ಅಧ್ಯಕ್ಷರು, ಗ್ರಾಮ ಪಂಚಾಯತಿ’ ಎಂದು ಕೆಂಪು ಅಚ್ಚಿತ್ತು. ಮುಂದಾಗುವುದು ಅವಳಿಗೆ ಅಲ್ಲಿಯೇ ತಿಳಿಯಿತು.

ಒಂಬತ್ತನೆಯ ದಿನ ಅವನೇ ಬಂದ. ಜೇಬಿನಲ್ಲಿ ಮಡಚಿದ ಕಾಗದವಿತ್ತು. ಬೀಗರು ಅಧ್ಯಕ್ಷರ ಮನೆತನವೆಂದೇ ಒಪ್ಪಿದ್ದಾರೆ, ಲಗ್ನ ಮುಗಿಯಲಿ, ಮರುದಿನವೇ ಬಿಡುತ್ತೇನೆ ಎಂದ.

“ಆ ಮಾತ ಲಿಂಗ ಹಿಡದು ಹೇಳ್ರಿ ಅಣ್ಣಾರ,” ಎಂದಳು ಸುಮಿತ್ರಾಬಾಯಿ.

ರೇವಣಪ್ಪನ ಕೈ ಕೊರಳ ಲಿಂಗದ ಕರಡಿಗೆಯವರೆಗೆ ಹೋಗಿ, ಅಂಗಿಯ ಗುಂಡಿ ಸರಿಮಾಡಿಕೊಂಡು ಇಳಿಯಿತು. ಚಹಾ ಮುಗಿಸದೆ ಎದ್ದ. ಸಂಜೆಗೆ ರಾಜೀನಾಮೆ ವಾಪಸಾದ ಸುದ್ದಿ ಕಲಬುರಗಿಯ ಎ.ಸಿ. ಕಚೇರಿಯಿಂದ ಬಂತು.

ಇನ್ನು ಅವನನ್ನು ಇಳಿಸಲು ಅವಿಶ್ವಾಸವೊಂದೇ ದಾರಿ; ಅದಕ್ಕೆ ಒಂಬತ್ತು ಮಂದಿ ಬೇಕು, ತನ್ನನ್ನು ಬಿಟ್ಟು ಎಂಟು. ಹಿರಿಯ ಮೆಂಬರ ಚಮನಸಾಬ ಎಚ್ಚರಿಸಿದ, “ಮನಿ ಮನಿ ತಿರಗಬ್ಯಾಡ್ರಿ ಬಾಯಾರ. ನೀವು ಎರಡನೇ ಮನಿ ಹೊಸ್ತಿಲಾ ದಾಟೂದ್ರಾಗ ಅವಗ ಖಬರ್ ಮುಟ್ಟಿರ್ತದ.”

ಮೆಂಬರರೆಲ್ಲ ಒಂದೇ ಕಡೆ, ಬಾಯಲ್ಲಿ ತುತ್ತಿಟ್ಟುಕೊಂಡು ಕೂಡುವ ಜಾಗವೊಂದಿತ್ತು. ಅದು ರೇವಣಪ್ಪನ ಮನೆಯ ಲಗ್ನದೂಟದ ಪಂಕ್ತಿ.

ಲಗ್ನದ ದಿನ ಹುಡುಗಿಯ ತಲೆಯ ಮೇಲೆ ಅಕ್ಕಿಕಾಳು ಬೀಳುವವರೆಗೆ ಸುಮಿತ್ರಾಬಾಯಿ ತುಟಿ ಬಿಚ್ಚಲಿಲ್ಲ. ಪತ್ರಿಕೆಯಲ್ಲಿ ಅಚ್ಚಾದದ್ದು ಅಲ್ಲಿಯವರೆಗೆ ನಿಜವಾಗಿರಲಿ ಎಂದುಕೊಂಡಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಡಿಸುವವರ ಕೈಯಿಂದ ಗೋಧಿ ಹುಗ್ಗಿಯ ಬಕೀಟು ಇಸಿದುಕೊಂಡಳು. ಒಬ್ಬೊಬ್ಬ ಮೆಂಬರನ ಮುಂದೆ ಬಗ್ಗಿ, “ಸೋಮವಾರ ಸಹಿ,” ಎಂದಷ್ಟೇ ಪಿಸುಗುಟ್ಟಿದಳು. ಒಲ್ಲೆ ಎನ್ನುವವರು ಎಲೆಯ ಮೇಲೆ ಕೈ ಅಡ್ಡ ಹಿಡಿದರು. ಚಮನಸಾಬ ಎರಡು ಸೌಟು ಹಾಕಿಸಿಕೊಂಡ. ಜಗದೇವಪ್ಪನೂ ಹಾಕಿಸಿಕೊಂಡ. ಆದರೆ ಹುಗ್ಗಿ ಎಂದರೆ ಜೀವ ಬಿಡುವ ಮನುಷ್ಯ ಅವನು. ಒಪ್ಪಿದ್ದು ಸಹಿಗೋ ಹುಗ್ಗಿಗೋ?

“ಖರೇನ ಬೇಕಾ?” ಎಂದು ಮತ್ತೆ ಬಗ್ಗಿದಳು.

“ಸೋಮವಾರದ್ದು ಸೋಮವಾರ ಕೊಡ್ತೇನಿ. ಈಗ ತುಪ್ಪ ಹಾಕಸ್ರಿ, ಬಾಯಾರ.”

ಹತ್ತು ಎಲೆ ಮುಗಿದವು. ಏಳು ಸೌಟು, ಮೂರು ಕೈ. ಇನ್ನೊಂದು ಬೇಕು. ಕಡೆಯ ಎಲೆ ಗುರುಶಾಂತನದು. ರೇವಣಪ್ಪನ ಹೆಂಡತಿಯ ತಮ್ಮ, ಮೇಲೆ ಸಕ್ಕರೆ ಕಾಯಿಲೆಯವನು. ಮಠದಲ್ಲಿ ಭಾವನ ಪಕ್ಕಕ್ಕೇ ಕೂತು ಆ ಮಾತು ಕೇಳಿದ್ದ. ಅವಳು ಬಗ್ಗುವ ಮೊದಲೇ ಅವನ ಕೈ ಎಲೆಯ ಮೇಲಿತ್ತು. ಆದರೂ ಹೇಳಿದಳು. ಗುರುಶಾಂತ ತಲೆಯೆತ್ತಿ ಅತ್ತ ಬೀಗರ ನಡುವೆ ನಗುತ್ತಿದ್ದ ಭಾವನನ್ನು ನೋಡಿದ, ಇತ್ತ ಬಕೀಟನ್ನು ನೋಡಿದ. ಕೈ ತೆಗೆದ.

“ಸ್ವಲ್ಪೇ ಹಾಕ್ರಿ. ನಾನೂ ಆವತ್ತ ಮಠದಾಗ ಇದ್ದೆ.”

ಅಷ್ಟರಲ್ಲಿ ರೇವಣಪ್ಪ ಬಂದ. “ನೀವ್ಯಾಕ ಬಡಸಾಕತ್ತೀರಿ, ಕೂಡ್ರಿ ಬಾಯಾರ,” ಎಂದು ತನ್ನ ಕುರ್ಚಿಯನ್ನೇ ಎಳೆದು ಕೊಟ್ಟ.

“ಸೋಮವಾರ ಕೂಡ್ತೇನಿ ಅಣ್ಣಾರ,” ಎಂದು ಸುಮಿತ್ರಾಬಾಯಿ ಮುಂದಿನ ಪಂಕ್ತಿಗೆ ನಡೆದಳು. ಎಂಟು ಸೌಟು ತುಂಬಿದ್ದರೂ ಕೂಡಲು ಅವಳಿಂದ ಆಗುವಂತಿರಲಿಲ್ಲ. ಹಿಂದೆ ಜಗದೇವಪ್ಪ ಮೂರನೆಯ ಸಲ ಹುಗ್ಗಿ ಕೇಳುತ್ತಿದ್ದ.